ದೊಡ್ಡವರಿಗಾಗಿ ತೆಗೆದ ಶ್ರೇಷ್ಠ ಹಳೆಯ ಚಿತ್ರಗಳನ್ನು ಮಕ್ಕಳೊಂದಿಗೆ ನೋಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ತಾವು ಮೆಚ್ಚಿದ ಹಳೆಯ ಚಿತ್ರಗಳನ್ನು ಮಕ್ಕಳಿಗೂ ತೋರಿಸಬೇಕೆಂಬ ಆಸೆ ಅನೇಕ ತಂದೆತಾಯಿಯರಿಗೆ, ಶಿಕ್ಷಕರಿಗೆ ಇರುತ್ತದೆ. ಆದರೆ ಆ ಚಿತ್ರಗಳಲ್ಲಿ ಹೆಚ್ಚಿನವು ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ತೆಗೆದವಲ್ಲ. ಆದ್ದರಿಂದ ಎಲ್ಲಿಂದ ಆರಂಭಿಸಬೇಕು, ಯಾವುದನ್ನು ಮುಂದೂಡಬೇಕು, ಮಗು ಬೇಸರಪಟ್ಟರೆ ಏನು ಮಾಡಬೇಕು ಎಂಬ ಪ್ರಶ್ನೆಗಳು ಬಂದೇ ಬರುತ್ತವೆ. ಕೆಳಗಿನ ಉತ್ತರಗಳ ಹಿಂದೆ ಒಂದು ನಂಬಿಕೆಯಿದೆ: ಒಂದು ಚಿತ್ರ ಮಗುವಿಗೆ ತಕ್ಕುದೇ ಎಂಬುದು ಆ ಚಿತ್ರದ ಮೇಲೆ ಎಷ್ಟು ಅವಲಂಬಿಸಿದೆಯೋ, ಪಕ್ಕದಲ್ಲಿ ಕುಳಿತು ಕೊನೆಯವರೆಗೂ ನೋಡುವ ಹಿರಿಯರ ಮೇಲೂ ಅಷ್ಟೇ ಅವಲಂಬಿಸಿದೆ.

ಮಕ್ಕಳಿಗಾಗಿಯೇ ತೆಗೆದ ಚಿತ್ರಗಳು ಬೇಕಾದಷ್ಟಿರುವಾಗ ದೊಡ್ಡವರ ಚಿತ್ರಗಳನ್ನು ಏಕೆ ತೋರಿಸಬೇಕು?

ಮಕ್ಕಳ ಚಿತ್ರಗಳನ್ನು ಕೈಬಿಡಬೇಕೆಂದು ಇದರ ಅರ್ಥವಲ್ಲ. ಅವುಗಳಲ್ಲಿ ಅತ್ಯುತ್ತಮವಾದವೂ ಇವೆ. ಆದರೆ ಮಕ್ಕಳಿಗೆಂದು ತಯಾರಾಗುವ ಸಾಮಾನ್ಯ ಚಿತ್ರಗಳಲ್ಲಿ ದುಃಖ ಬರುವ ಮೊದಲೇ ಸಂಗೀತ ಅದನ್ನು ಸಾರಿಬಿಡುತ್ತದೆ, ಕೆಟ್ಟವನು ಯಾರೆಂಬುದು ಮುಖ ಕಂಡೊಡನೆ ತಿಳಿಯುತ್ತದೆ, ಗಮನ ಚದುರೀತು ಎಂಬ ಆತಂಕದಲ್ಲಿ ಯಾವ ದೃಶ್ಯವೂ ನಿಂತು ಉಸಿರಾಡುವುದಿಲ್ಲ. ದೊಡ್ಡವರಿಗಾಗಿ ತೆಗೆದ ಒಳ್ಳೆಯ ಚಿತ್ರ ಮಗುವನ್ನು ಓಲೈಸುವ ಗೊಡವೆಗೆ ಹೋಗುವುದಿಲ್ಲ. ಅದು ತನ್ನ ಪಾಡಿಗೆ ನಡೆಯುತ್ತದೆ, ಮಗು ತಾನಾಗಿ ಅದರ ಹಿಂದೆ ಹೆಜ್ಜೆ ಹಾಕಬೇಕಾಗುತ್ತದೆ. ಆ ಪ್ರಯತ್ನದಲ್ಲಿ ಮಕ್ಕಳಿಗೆ ಸಿಗುವ ಹೆಮ್ಮೆ ಸಣ್ಣದಲ್ಲ.

ಇದಕ್ಕೆ ಚರಿತ್ರೆಯ ಬೆಂಬಲವೂ ಇದೆ. 1895ರ ಡಿಸೆಂಬರ್ 28ರಂದು ಪ್ಯಾರಿಸ್‌ನಲ್ಲಿ ಲೂಮಿಯೇರ್ ಸಹೋದರರು ಹಣ ಕೊಟ್ಟು ಬಂದ ಜನರಿಗೆ ಕಿರುಚಿತ್ರಗಳನ್ನು ತೋರಿಸಿದ ಕಾಲದಿಂದ ಹಲವು ದಶಕಗಳವರೆಗೆ ಸಿನಿಮಾ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ನೋಡುವ ವಸ್ತುವಾಗಿತ್ತು. ಅಮೆರಿಕದಲ್ಲಿ 1934ರಿಂದ 1968ರವರೆಗೆ ಬಹುಪಾಲು ಚಿತ್ರಗಳನ್ನು ಒಂದೇ ನೀತಿಸಂಹಿತೆಯ ಅಡಿಯಲ್ಲಿ ಪರಿಶೀಲಿಸಲಾಗುತ್ತಿತ್ತು. ವಯಸ್ಸಿನ ಆಧಾರದ ವರ್ಗೀಕರಣ ಅಲ್ಲಿ ಬಂದದ್ದು 1968ರಲ್ಲಿ. ನಾವು ಇಂದು ಪ್ರೌಢ ಚಿತ್ರಗಳೆಂದು ಎತ್ತಿಡುವ ಎಷ್ಟೋ ಕೃತಿಗಳನ್ನು ಅವು ಬಿಡುಗಡೆಯಾದಾಗ ಮಕ್ಕಳೂ ಚಿತ್ರಮಂದಿರದಲ್ಲಿ ಕುಳಿತು ನೋಡಿದ್ದಾರೆ.

ಯಾವ ವಯಸ್ಸಿನಲ್ಲಿ ಆರಂಭಿಸಬಹುದು?

ಎಲ್ಲ ಮಕ್ಕಳಿಗೂ ಹೊಂದುವ ಒಂದು ಸಂಖ್ಯೆಯಿಲ್ಲ, ಆದರೆ ಒಂದು ಕೆಳಮಿತಿಯನ್ನು ಇಟ್ಟುಕೊಳ್ಳುವುದು ಒಳಿತು. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯ ಪ್ರಕಾರ 2ರಿಂದ 4 ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಪರದೆಯ ಮುಂದೆ ಕುಳಿತಿರಬಾರದು, ಅದಕ್ಕಿಂತ ಕಡಿಮೆಯಾದಷ್ಟೂ ಉತ್ತಮ. ಹಾಗಾಗಿ ಐದು ವರ್ಷದೊಳಗಿನ ಮಗುವಿಗೆ ಪೂರ್ಣಪ್ರಮಾಣದ ಚಿತ್ರದ ಮಾತೇ ಏಳುವುದಿಲ್ಲ. ಆ ವಯಸ್ಸಿಗೆ ಒಂದೆರಡು ನಿಮಿಷದ ತುಣುಕುಗಳು ಸಾಕು. ಲೂಮಿಯೇರ್ ಸಹೋದರರ 1895ರ ಒಂದು ಕಿರುಚಿತ್ರದಲ್ಲಿ ಹುಡುಗನೊಬ್ಬ ತೋಟಗಾರನ ನೀರಿನ ಕೊಳವೆಯನ್ನು ಕಾಲಿನಿಂದ ಅದುಮುತ್ತಾನೆ. ನೀರೇಕೆ ನಿಂತಿತೆಂದು ತೋಟಗಾರ ಕೊಳವೆಯ ಬಾಯಿಯೊಳಗೆ ಇಣುಕಿದಾಗ ಹುಡುಗ ಕಾಲು ತೆಗೆಯುತ್ತಾನೆ. ಒಂದು ನಿಮಿಷಕ್ಕೂ ಕಡಿಮೆ ಅವಧಿಯ ಈ ಚೇಷ್ಟೆಯನ್ನು ಯಾವ ಮಗುವಿಗೂ ವಿವರಿಸಿ ಹೇಳಬೇಕಾಗುವುದಿಲ್ಲ.

ಆರು ಏಳು ವರ್ಷದ ಹೊತ್ತಿಗೆ ಒಂದು ಗಂಟೆಯೊಳಗಿನ ಮೂಕಿಚಿತ್ರಗಳನ್ನು, ಒಂಬತ್ತು ಹತ್ತರ ಹೊತ್ತಿಗೆ ಕಥೆಯ ಎಳೆ ಸ್ಪಷ್ಟವಾಗಿರುವ ಮಾತಿನ ಚಿತ್ರಗಳನ್ನು ಆರಂಭಿಸಬಹುದೆಂಬುದು ನನ್ನ ಅಂದಾಜು. ವಯಸ್ಸಿಗಿಂತ ಮುಖ್ಯವಾಗಿ ಗಮನಿಸಬೇಕಾದ್ದು, ಮಗು ಒಂದು ಕಥೆಯನ್ನು ಕೇಳುವಾಗ ಎಷ್ಟು ಹೊತ್ತು ಕುಳಿತಿರುತ್ತದೆ, ದುಃಖದ ಕಥೆ ಕೇಳಿದ ರಾತ್ರಿ ಹೇಗೆ ನಿದ್ದೆ ಮಾಡುತ್ತದೆ ಎಂಬುದು. ಅದನ್ನು ಬಲ್ಲವರು ಮನೆಯವರೇ.

ಮೊದಲ ಚಿತ್ರ ಯಾವುದಾಗಿರಬೇಕು?

ಮೂಕಿ ಹಾಸ್ಯಚಿತ್ರ. ಈ ಉತ್ತರದಲ್ಲಿ ನನಗೆ ಹೆಚ್ಚು ಅನುಮಾನವಿಲ್ಲ. ಬಿದ್ದು ಏಳುವುದು, ಅಟ್ಟಿಸಿಕೊಂಡು ಹೋಗುವುದು, ಅವಿತುಕೊಳ್ಳುವುದು, ದೊಡ್ಡ ದೇಹದವನನ್ನು ಸಣ್ಣ ದೇಹದವನು ಬುದ್ಧಿಯಿಂದ ಸೋಲಿಸುವುದು ಮಕ್ಕಳ ಆಟದಲ್ಲಿ ದಿನವೂ ನಡೆಯುವ ವ್ಯವಹಾರಗಳು. ಬಸ್ಟರ್ ಕೀಟನ್‌ನ 1924ರ ‘ಶರ್ಲಾಕ್ ಜೂನಿಯರ್’ ಕೇವಲ ಮುಕ್ಕಾಲು ಗಂಟೆಯದ್ದು. ಅದರಲ್ಲಿ ಚಿತ್ರಮಂದಿರದ ಪ್ರೊಜೆಕ್ಟರ್ ನಡೆಸುವ ಯುವಕ ನಿದ್ದೆಹೋಗಿ, ಕನಸಿನಲ್ಲಿ ತೆರೆಯೊಳಕ್ಕೇ ನಡೆದುಹೋಗುತ್ತಾನೆ. ಒಳಗೆ ಹೋದ ಮೇಲೆ ದೃಶ್ಯಗಳು ಒಂದೊಂದಾಗಿ ಬದಲಾದಂತೆಲ್ಲ ಅವನು ಎಡವುತ್ತಾನೆ: ಕೂರಲು ಹೊರಟಲ್ಲಿ ಪೀಠ ಮಾಯವಾಗುತ್ತದೆ, ನೀರಿಗೆ ಹಾರಿದರೆ ಹಿಮದಲ್ಲಿ ಬೀಳುತ್ತಾನೆ. ಸಂಕಲನವೆಂದರೇನು ಎಂಬುದನ್ನು ಮಗುವಿಗೆ ಇದಕ್ಕಿಂತ ಚೆನ್ನಾಗಿ ತೋರಿಸುವ ದೃಶ್ಯ ನನಗೆ ತಿಳಿದಿಲ್ಲ.

ಹೆರಾಲ್ಡ್ ಲಾಯ್ಡ್ ಎತ್ತರದ ಕಟ್ಟಡದ ಗಡಿಯಾರದ ಮುಳ್ಳಿಗೆ ಜೋತುಬೀಳುವ 1923ರ ಚಿತ್ರವೂ, ಕೀಟನ್‌ನ ಮೇಲೆ ಮನೆಯ ಮುಂಗೋಡೆ ಇಡಿಯಾಗಿ ಕುಸಿದಾಗ ಅವನು ನಿಂತ ಜಾಗಕ್ಕೆ ಸರಿಯಾಗಿ ಕಿಟಕಿಯ ತೆರಪು ಬಂದು ಪಾರಾಗುವ 1928ರ ಚಿತ್ರವೂ ಮಕ್ಕಳು ಮತ್ತೆ ಮತ್ತೆ ಕೇಳುವಂಥವು. ಆ ಗೋಡೆ ನಿಜವಾದ ಗೋಡೆ, ಅದು ನಿಜವಾಗಿಯೇ ಬಿತ್ತು ಎಂಬುದನ್ನು ದೃಶ್ಯ ಮುಗಿದ ಮೇಲೆ ಹೇಳಿ. ಹಿಂದಕ್ಕೆ ಓಡಿಸಿ ಮತ್ತೊಮ್ಮೆ ನೋಡಬೇಕೆಂಬ ಬೇಡಿಕೆ ಖಂಡಿತ ಬರುತ್ತದೆ. ಇದನ್ನು ಮನೆಯಲ್ಲಿ ಅನುಕರಿಸಬಾರದೆಂಬ ಮಾತನ್ನೂ ಆಗಲೇ ಹೇಳಿಬಿಡುವುದು ಕ್ಷೇಮ.

ಚಾರ್ಲಿ ಚಾಪ್ಲಿನ್‌ನ ಚಿತ್ರಗಳಲ್ಲಿ ಆಯ್ಕೆ ಇನ್ನಷ್ಟು ಎಚ್ಚರದಿಂದ ನಡೆಯಬೇಕು. ಅನಾಥ ಮಗುವನ್ನು ಸಾಕುವ ಅಲೆಮಾರಿಯ ಕಥೆಯಾದ 1921ರ ‘ದಿ ಕಿಡ್’ ಮಕ್ಕಳದೇ ಚಿತ್ರವೆಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಆದರೆ ಅಧಿಕಾರಿಗಳು ಆ ಹುಡುಗನನ್ನು ಕಸಿದುಕೊಂಡು ಬಂಡಿಗೆ ಹಾಕುವಾಗ ಅವನು ಕೈಚಾಚಿ ಅಳುವ ದೃಶ್ಯ, ತಂದೆತಾಯಿಯಿಂದ ಬೇರ್ಪಡುವ ಭಯ ಬಲವಾಗಿರುವ ಐದಾರು ವರ್ಷದ ಮಗುವಿಗೆ ಯಾವ ರಾಕ್ಷಸನಿಗಿಂತಲೂ ಹೆಚ್ಚು ಘೋರವಾಗಬಹುದು. ಹಸಿದ ಮನುಷ್ಯ ಬೂಟನ್ನು ಬೇಯಿಸಿ ತಿನ್ನುವ 1925ರ ‘ದಿ ಗೋಲ್ಡ್ ರಶ್’ ಮೊದಲಿಗೆ ಹೆಚ್ಚು ಸೂಕ್ತ. 1942ರಲ್ಲಿ ಚಾಪ್ಲಿನ್ ಇದರ ಬರಹದ ಫಲಕಗಳನ್ನು ತೆಗೆದು, ತನ್ನದೇ ಧ್ವನಿಯ ನಿರೂಪಣೆ ಮತ್ತು ಸಂಗೀತ ಸೇರಿಸಿ ಮರುಬಿಡುಗಡೆ ಮಾಡಿದನು; ಓದಲು ಬಾರದ, ಆದರೆ ಇಂಗ್ಲಿಷ್ ಕೇಳಿ ತಿಳಿಯುವ ಮಕ್ಕಳಿಗೆ ಆ ಆವೃತ್ತಿ ಅನುಕೂಲ.

ಮಗುವಿಗೆ ಇನ್ನೂ ಓದಲು ಬರುವುದಿಲ್ಲ. ಬರಹದ ಫಲಕಗಳನ್ನು, ಅಡಿಬರಹವನ್ನು ಏನು ಮಾಡುವುದು?

ನೀವೇ ಓದಿ ಹೇಳಿ. ಇದು ಕೊರತೆ ತುಂಬುವ ಉಪಾಯವೆಂದು ಸಂಕೋಚಪಡಬೇಕಾಗಿಲ್ಲ, ಏಕೆಂದರೆ ಇದಕ್ಕೆ ದೊಡ್ಡ ಪರಂಪರೆಯೇ ಇದೆ. ಜಪಾನಿನ ಮೂಕಿ ಚಿತ್ರಮಂದಿರಗಳಲ್ಲಿ ಬೆನ್ಶಿ ಎಂದು ಕರೆಯಲ್ಪಡುತ್ತಿದ್ದ ನಿರೂಪಕರು ತೆರೆಯ ಪಕ್ಕದಲ್ಲಿ ನಿಂತು ಕಥೆ ಹೇಳುತ್ತಿದ್ದರು, ಎಲ್ಲ ಪಾತ್ರಗಳ ಮಾತನ್ನೂ ಒಬ್ಬರೇ ಆಡುತ್ತಿದ್ದರು. ಅವರಲ್ಲಿ ಕೆಲವರ ಜನಪ್ರಿಯತೆ ನಟರ ಜನಪ್ರಿಯತೆಯನ್ನೂ ಮೀರಿತ್ತು. ತಾಯಿಯೋ ತಂದೆಯೋ ಅಜ್ಜಿಯೋ ಮನೆಯಲ್ಲಿ ಆ ಕೆಲಸವನ್ನು ವಹಿಸಿಕೊಂಡಾಗ ಚಿತ್ರ ಕಥೆ ಹೇಳುವ ಹೊತ್ತಿನ ಆಪ್ತತೆಯನ್ನು ಪಡೆಯುತ್ತದೆ. ಫಲಕದಲ್ಲಿ ಇರುವುದನ್ನಷ್ಟೇ ಓದಬೇಕು, ನಟನ ಮುಖ ಹೇಳುತ್ತಿರುವುದನ್ನು ಮತ್ತೆ ಬಾಯಲ್ಲಿ ಹೇಳಬಾರದು ಎಂಬ ಒಂದೇ ನಿಯಮವನ್ನು ಪಾಲಿಸಿದರೆ ಸಾಕು.

ಪರಭಾಷೆಯ ಮಾತಿನ ಚಿತ್ರವನ್ನು ಹೀಗೆ ಎರಡು ಗಂಟೆ ಓದುತ್ತ ಹೋಗುವುದು ಕಷ್ಟ. ಅಂಥವನ್ನು ಮಗು ಸರಾಗವಾಗಿ ಓದಲು ಕಲಿಯುವವರೆಗೆ ಮುಂದೂಡಿ. ಡಬ್ಬಿಂಗ್ ಆದ ಆವೃತ್ತಿ ಚೆನ್ನಾಗಿದ್ದರೆ ಅದನ್ನು ಬಳಸುವುದರಲ್ಲಿ ತಪ್ಪಿಲ್ಲ. ಮೂಲ ಧ್ವನಿಯಲ್ಲೇ ನೋಡಬೇಕೆಂಬ ಕಟ್ಟುನಿಟ್ಟನ್ನು ಎಂಟು ವರ್ಷದ ಮಗುವಿನ ಮೇಲೆ ಹೇರಿ ಚಿತ್ರವನ್ನೇ ಕಳೆದುಕೊಳ್ಳುವುದು ಯಾರಿಗೂ ಲಾಭವಲ್ಲ.

ಕಪ್ಪು-ಬಿಳುಪು ಎಂದೊಡನೆ ಮಕ್ಕಳು ಮುಖ ತಿರುಗಿಸುವುದಿಲ್ಲವೇ?

ಕೆಲವರು ತಿರುಗಿಸುತ್ತಾರೆ, ಸಾಮಾನ್ಯವಾಗಿ ಹತ್ತು ವರ್ಷ ದಾಟಿದ ಮೇಲೆ, ಹಳೆಯದೆಂದರೆ ಹಿಂದುಳಿದದ್ದು ಎಂಬ ಅಭಿಪ್ರಾಯ ಗೆಳೆಯರಿಂದ ಬಂದಾಗ. ಚಿಕ್ಕ ಮಕ್ಕಳಿಗೆ ಅದು ಬಹುಬೇಗ ಮರೆತುಹೋಗುವ ಸಂಗತಿ. ಬೇಗ ಆರಂಭಿಸುವುದರ ಪ್ರಯೋಜನವೂ ಇದೇ.

ಸಮಸ್ಯೆ ಬಣ್ಣದ್ದಲ್ಲ, ನಿಧಾನಗತಿಯದ್ದು. ಮಗು ಹದಿನೈದು ನಿಮಿಷಕ್ಕೇ ಬೇಸರಪಟ್ಟರೆ?

ನಿಜವಾದ ಅಡ್ಡಿ ಇದೇ ಎಂಬುದನ್ನು ಒಪ್ಪಿಕೊಳ್ಳಬೇಕು. ಹಳೆಯ ಚಿತ್ರಗಳಲ್ಲಿ ಒಂದು ಶಾಟ್ ಇಂದಿನದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತದೆ, ಪಾತ್ರಗಳು ಬಾಗಿಲು ತೆರೆದು ಒಳಬಂದು ಟೋಪಿ ತೆಗೆದಿಟ್ಟು ಕುಳಿತ ಮೇಲಷ್ಟೇ ಮಾತು ಆರಂಭವಾಗುತ್ತದೆ. ಎರಡು ಮೂರು ಸೆಕೆಂಡಿಗೊಮ್ಮೆ ಚಿತ್ರಿಕೆ ಬದಲಾಗುವುದಕ್ಕೆ ಒಗ್ಗಿಕೊಂಡ ಕಣ್ಣಿಗೆ ಇದು ಏನೂ ನಡೆಯದ ಹೊತ್ತಾಗಿ ಕಾಣುವುದು ಸಹಜ. ಅದಕ್ಕಾಗಿ ಮಗುವನ್ನು ಗದರಿಸುವುದು ಅನ್ಯಾಯ.

ಮೊದಲ ಕಾಲು ಗಂಟೆಯನ್ನು ದಾಟಿಸುವುದು ಹಿರಿಯರ ಹೊಣೆ. ಯಾರು, ಎಲ್ಲಿ, ಅವನಿಗೆ ಏನು ಬೇಕಾಗಿದೆ ಎಂಬ ಮೂರು ವಿಷಯಗಳನ್ನು ಚಿತ್ರ ಆರಂಭವಾಗುವ ಮೊದಲೇ ಎರಡು ವಾಕ್ಯಗಳಲ್ಲಿ ಹೇಳಿದರೆ ಮಗುವಿಗೆ ಹಿಡಿದುಕೊಳ್ಳಲು ಒಂದು ಎಳೆ ಸಿಗುತ್ತದೆ. ಕಥೆಯ ಮಧ್ಯಭಾಗವನ್ನಾಗಲಿ ಕೊನೆಯನ್ನಾಗಲಿ ಹೇಳಬಾರದು. ಎರಡನೆಯದಾಗಿ, ದೀರ್ಘ ಚಿತ್ರವನ್ನು ಎರಡು ಸಂಜೆಗಳಿಗೆ ಹಂಚಿ ನೋಡುವುದರಿಂದ ಕೃತಿಗೆ ಯಾವ ಅಪಚಾರವೂ ಆಗುವುದಿಲ್ಲ. ಅಕಿರಾ ಕುರೊಸಾವಾನ 1954ರ ‘ಸೆವೆನ್ ಸಮುರಾಯ್’ 207 ನಿಮಿಷಗಳದ್ದು, ಅದರೊಳಗೇ ಮಧ್ಯಂತರವಿದೆ. ಮೊದಲ ಸಂಜೆ ಯೋಧರನ್ನು ಒಬ್ಬೊಬ್ಬರಾಗಿ ಒಟ್ಟುಗೂಡಿಸುವ ಭಾಗ, ಮರುದಿನ ಹಳ್ಳಿಯ ರಕ್ಷಣೆ ಎಂದು ವಿಂಗಡಿಸಿಕೊಂಡರೆ ಹನ್ನೆರಡು ಹದಿಮೂರರ ಮಕ್ಕಳು ಎರಡನೆಯ ದಿನಕ್ಕಾಗಿ ಕಾಯುತ್ತಾರೆ. ಆದರೆ ನಡುವೆ ಬೇಸರದ ಭಾಗವೆಂದು ಓಡಿಸಿಕೊಂಡು ಹೋಗುವುದನ್ನು ನಾನು ಒಪ್ಪುವುದಿಲ್ಲ. ಒಮ್ಮೆ ಓಡಿಸಬಹುದೆಂದು ತಿಳಿದ ಮೇಲೆ ಪ್ರತಿಯೊಂದು ಮೌನವೂ ಓಡಿಸಬೇಕಾದ ಭಾಗವಾಗಿಬಿಡುತ್ತದೆ. ಇಡಿಯಾಗಿ ನಿಲ್ಲಿಸಿ ಬೇರೊಂದು ದಿನ ಮುಂದುವರಿಸುವುದು ಅದಕ್ಕಿಂತ ಮೇಲು.

ಇನ್ನೊಂದು ಮಾತು: ಎಲ್ಲ ನಿಧಾನವೂ ಮಕ್ಕಳಿಗೆ ಭಾರವಲ್ಲ. ಜಾಕ್ ತಾತಿಯ 1967ರ ‘ಪ್ಲೇಟೈಮ್’ ಚಿತ್ರದಲ್ಲಿ ಕ್ಯಾಮೆರಾ ದೂರದಲ್ಲಿ ನಿಂತಿರುತ್ತದೆ, ವಿಶಾಲವಾದ ಚೌಕಟ್ಟಿನ ಬೇರೆ ಬೇರೆ ಮೂಲೆಗಳಲ್ಲಿ ನಾಲ್ಕಾರು ಸಣ್ಣ ತಮಾಷೆಗಳು ಏಕಕಾಲಕ್ಕೆ ನಡೆಯುತ್ತಿರುತ್ತವೆ, ಯಾವುದನ್ನು ನೋಡಬೇಕೆಂದು ಯಾರೂ ಬೆರಳು ತೋರಿಸುವುದಿಲ್ಲ. ದೊಡ್ಡವರು ಕಥೆಗಾಗಿ ಹುಡುಕುತ್ತಿರುವಾಗ ಮಕ್ಕಳು ಆ ಮೂಲೆಯ ಮನುಷ್ಯನನ್ನು ನಮಗಿಂತ ಮೊದಲೇ ಕಂಡಿರುತ್ತಾರೆ. ಯಸುಜಿರೊ ಒಜುವಿನ 1959ರ ‘ಗುಡ್ ಮಾರ್ನಿಂಗ್’ ಕೂಡ ಅಂಥದ್ದೇ. ಟಿವಿ ಕೊಡಿಸಲಿಲ್ಲವೆಂದು ಇಬ್ಬರು ಅಣ್ಣತಮ್ಮಂದಿರು ಮಾತನ್ನೇ ಬಿಟ್ಟುಬಿಡುವ ಆ ಚಿತ್ರದ ನಡೆ ಶಾಂತವಾಗಿದ್ದರೂ ಹಟವೆಂದರೇನೆಂದು ಬಲ್ಲ ಪ್ರತಿ ಮಗುವಿಗೂ ಅದು ತನ್ನದೇ ಕಥೆ.

ಮಗುವಿಗೆ ಅರ್ಧವೂ ಅರ್ಥವಾಗದಿದ್ದರೆ ತೋರಿಸಿ ಏನು ಪ್ರಯೋಜನ?

ಯಾವುದೇ ಶ್ರೇಷ್ಠ ಚಿತ್ರವನ್ನು ಮೊದಲ ಬಾರಿ ನೋಡಿದಾಗ ದೊಡ್ಡವರಿಗಾದರೂ ಪೂರ್ತಿ ಅರ್ಥವಾಗುತ್ತದೆಯೇ? ಮಗುವಿಗೆ ಕಥೆಯ ಬೆನ್ನೆಲುಬು ಸಿಕ್ಕಿದರೆ ಸಾಕು, ಉಳಿದದ್ದು ವರ್ಷಗಳು ಕಳೆದಂತೆ ತುಂಬಿಕೊಳ್ಳುತ್ತದೆ. ಸಿಡ್ನಿ ಲುಮೆಟ್‌ನ 1957ರ ‘12 ಆಂಗ್ರಿ ಮೆನ್’ ಚಿತ್ರವನ್ನು ತೆಗೆದುಕೊಳ್ಳೋಣ. ಹೆಚ್ಚುಕಡಿಮೆ ಇಡೀ ಕಥೆ ಒಂದು ಕೋಣೆಯೊಳಗೆ ನಡೆಯುತ್ತದೆ, ಹನ್ನೆರಡು ಮಂದಿ ಬರೀ ಮಾತನಾಡುತ್ತಾರೆ. ಇದಕ್ಕಿಂತ ಮಕ್ಕಳಿಗೆ ಹೊರತಾದ ಚಿತ್ರವಿರಲಾರದೆಂದು ಅನ್ನಿಸಬಹುದು. ಆದರೆ ಅದರ ಅಡಿಪಾಯದಲ್ಲಿರುವುದು ಒಂದು ಎಣಿಕೆ: ಹನ್ನೊಂದಕ್ಕೆ ಒಂದು ಎಂದು ಆರಂಭವಾದ ಮತದಾನ ಒಂದೊಂದಾಗಿ ಬದಲಾಗುತ್ತ ಹೋಗುತ್ತದೆ. ಮುಂದೆ ಯಾರು ಮನಸ್ಸು ಬದಲಿಸುತ್ತಾರೆಂದು ಹತ್ತು ಹನ್ನೊಂದು ವರ್ಷದ ಮಕ್ಕಳು ಊಹಿಸುತ್ತ ಕೂರುತ್ತಾರೆ. ಪೂರ್ವಗ್ರಹ, ನ್ಯಾಯಪದ್ಧತಿ, ತಂದೆಯೊಬ್ಬನ ಒಳನೋವು ಇವೆಲ್ಲ ಆ ಎಣಿಕೆಯ ಮೂಲಕವೇ ಒಳಗಿಳಿಯುತ್ತವೆ.

ಆದ್ದರಿಂದ ಆಯ್ಕೆ ಮಾಡುವಾಗ ಚಿತ್ರದ ವಿಷಯ ಎಷ್ಟು ಗಂಭೀರವೆಂಬುದನ್ನಷ್ಟೇ ನೋಡದೆ, ಅದರ ಮೇಲ್ಮೈಯಲ್ಲಿ ಮಗು ಹಿಂಬಾಲಿಸಬಹುದಾದ ಒಂದು ಸರಳ ಬಯಕೆ ಇದೆಯೇ ಎಂಬುದನ್ನು ನೋಡಿ. ಕಳೆದುಹೋದ ವಸ್ತು ಸಿಗಬೇಕು, ಊರು ಬಿಟ್ಟು ಹೋಗಬೇಕು, ರೈಲು ತಪ್ಪಬಾರದು ಎಂಬಂಥ ಬಯಕೆಯಿದ್ದರೆ ಕಥೆ ನಿಲ್ಲುತ್ತದೆ.

ಮುಖ್ಯಪಾತ್ರ ಮಗುವಾಗಿದ್ದರೆ ಆ ಚಿತ್ರ ಮಕ್ಕಳಿಗೆ ಹೊಂದುತ್ತದೆ ಎನ್ನಬಹುದೇ?

ಎನ್ನಲಾಗದು, ಮತ್ತು ಹಿರಿಯರು ಅತಿ ಹೆಚ್ಚಾಗಿ ದಾರಿತಪ್ಪುವುದು ಇಲ್ಲಿಯೇ. ಜಗತ್ತಿನ ದೊಡ್ಡ ನಿರ್ದೇಶಕರು ಮಗುವಿನ ಕಣ್ಣನ್ನು ಬಳಸಿಕೊಂಡದ್ದು ಬಹುಪಾಲು ದೊಡ್ಡವರ ಲೋಕದ ಕ್ರೌರ್ಯವನ್ನು ತೋರಿಸುವುದಕ್ಕೆ. ಗಿರೀಶ್ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ದಲ್ಲಿ ವೇದ ಕಲಿಯಲು ಬಂದ ಪುಟ್ಟ ನಾಣಿಯ ಕಣ್ಣಿನಿಂದಲೇ ನಾವು ವಿಧವೆ ಯಮುನಾಳ ಪಾಡನ್ನು ಕಾಣುತ್ತೇವೆ. ನಾಣಿಗೆ ತಾನು ನೋಡುತ್ತಿರುವುದರ ಅರ್ಥ ಪೂರ್ತಿಯಾಗಿ ತಿಳಿಯದಿರುವುದೇ ಆ ಚಿತ್ರದ ಶಕ್ತಿ; ಪ್ರೇಕ್ಷಕನಿಗೆ ಅದು ತಿಳಿದಿರಬೇಕು. ನಾಣಿಯ ವಯಸ್ಸಿನ ಮಗುವನ್ನೇ ಪ್ರೇಕ್ಷಕನ ಜಾಗದಲ್ಲಿ ಕೂರಿಸಿದರೆ ಚಿತ್ರದ ಅರ್ಧ ಭಾಗ ಕಾಣೆಯಾಗುತ್ತದೆ, ಉಳಿದರ್ಧ ಕಾರಣ ತಿಳಿಯದ ಭಯವಾಗಿ ಉಳಿಯುತ್ತದೆ. ಹದಿನಾಲ್ಕು ಹದಿನೈದರ ನಂತರ ನೋಡಬೇಕಾದ ಚಿತ್ರವದು.

ಸತ್ಯಜಿತ್ ರೇ ಅವರ 1955ರ ‘ಪಥೇರ್ ಪಾಂಚಾಲಿ’ಯಲ್ಲಿ ಅಪು ಮತ್ತು ದುರ್ಗಾ ರೈಲು ನೋಡಲು ಹೂಬಿಟ್ಟ ಹುಲ್ಲಿನ ನಡುವೆ ಓಡುವ ದೃಶ್ಯ ಎಂಟು ವರ್ಷದ ಮಗುವನ್ನೂ ಸೆರೆಹಿಡಿಯುತ್ತದೆ. ಆದರೆ ಅದೇ ಚಿತ್ರದಲ್ಲಿ ದುರ್ಗಾ ಜ್ವರದಿಂದ ಸಾಯುತ್ತಾಳೆ. ಅಕ್ಕ ಸಾಯುತ್ತಾಳೆಂಬುದನ್ನು ಸಹಿಸಬಲ್ಲ ವಯಸ್ಸು ಬಂದಿದೆಯೇ ಎಂದು ಯೋಚಿಸದೆ ಇದನ್ನು ತೋರಿಸಬಾರದು, ಮನೆಯಲ್ಲಿ ಇತ್ತೀಚೆಗೆ ಸಾವು ಸಂಭವಿಸಿದ್ದರಂತೂ ಇನ್ನಷ್ಟು ಕಾಯಬೇಕು. ಇಂಥ ಎಡವಟ್ಟು ವೃತ್ತಿಪರರಿಂದಲೂ ಆಗಿದೆ: 1988ರ ಏಪ್ರಿಲ್‌ನಲ್ಲಿ ಜಪಾನಿನಲ್ಲಿ ಕಾಡಿನ ಸೌಮ್ಯ ಜೀವಿಯೊಂದರ ಕಥೆಯಾದ ‘ಮೈ ನೇಬರ್ ಟೊಟೊರೊ’ ಮತ್ತು ಯುದ್ಧದಲ್ಲಿ ಹಸಿವಿನಿಂದ ಸಾಯುವ ಅಣ್ಣತಂಗಿಯರ ಕಥೆಯಾದ ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’ ಒಂದೇ ಟಿಕೆಟ್ಟಿನ ಜೋಡಿ ಪ್ರದರ್ಶನವಾಗಿ ಬಿಡುಗಡೆಯಾದವು. ಎರಡೂ ಶ್ರೇಷ್ಠ ಕೃತಿಗಳೇ, ಎರಡರಲ್ಲೂ ಮಕ್ಕಳೇ ಮುಖ್ಯರು, ಆದರೆ ಒಂದನ್ನು ನೋಡಬಲ್ಲ ವಯಸ್ಸು ಇನ್ನೊಂದನ್ನು ನೋಡಬಲ್ಲ ವಯಸ್ಸಲ್ಲ.

ವಿಟ್ಟೋರಿಯೊ ಡಿ ಸಿಕಾನ 1948ರ ‘ಬೈಸಿಕಲ್ ಥೀವ್ಸ್’ ಈ ಸಾಲಿನಲ್ಲಿ ಸ್ವಲ್ಪ ಬೇರೆಯಾಗಿ ನಿಲ್ಲುತ್ತದೆ. ಅದರ ಎಳೆ ತೀರ ಸರಳ: ಅಪ್ಪನ ಕೆಲಸಕ್ಕೆ ಸೈಕಲ್ ಬೇಕು, ಸೈಕಲ್ ಕಳುವಾಗಿದೆ, ಅಪ್ಪ ಮತ್ತು ಮಗ ಅದನ್ನು ಹುಡುಕುತ್ತಾರೆ. ಒಂದೂವರೆ ಗಂಟೆಯ ಈ ಚಿತ್ರವನ್ನು ಹತ್ತು ವರ್ಷದ ಮಗು ಹಿಂಬಾಲಿಸಬಲ್ಲದು. ಕೊನೆಯಲ್ಲಿ ಅಪ್ಪನೇ ಕಳ್ಳತನಕ್ಕೆ ಕೈಹಾಕಿ, ಮಗನ ಎದುರಿಗೇ ಸಿಕ್ಕಿಬಿದ್ದು ಅವಮಾನಕ್ಕೊಳಗಾಗುತ್ತಾನೆ. ಈ ದೃಶ್ಯ ಮಕ್ಕಳನ್ನು ಕಲಕುತ್ತದೆ, ಕಲಕಲೂಬೇಕು. ಅಪ್ಪ ಕೆಟ್ಟವನೇ ಎಂದು ಮಗು ಕೇಳಿದಾಗ ಉತ್ತರಿಸಲು ಪಕ್ಕದಲ್ಲಿ ಒಬ್ಬರು ಇರಬೇಕು, ಅಷ್ಟೇ.

ಸೆನ್ಸಾರ್ ಪ್ರಮಾಣಪತ್ರವನ್ನು ನೋಡಿ ನಿರ್ಧರಿಸಬಹುದಲ್ಲ?

ಹೊಸ ಚಿತ್ರಗಳಿಗೆ ಅದು ಒಂದು ಮಟ್ಟಿಗೆ ನೆರವಾಗುತ್ತದೆ, ಹಳೆಯವಕ್ಕೆ ಅಷ್ಟಾಗಿ ಇಲ್ಲ. ಹದಿಮೂರರೊಳಗಿನ ಮಕ್ಕಳಿಗೆ ಕೆಲವು ಭಾಗ ಹೊಂದದಿರಬಹುದೆಂದು ಎಚ್ಚರಿಸುವ ಅಮೆರಿಕದ ಪಿಜಿ-13 ಎಂಬ ವರ್ಗವೇ ಹುಟ್ಟಿದ್ದು 1984ರಲ್ಲಿ. ಅದಕ್ಕೂ ಹಿಂದಿನ ಚಿತ್ರಗಳ ಮೇಲಿರುವ ಗುರುತನ್ನು ಇಂದಿನ ಅರ್ಥದಲ್ಲಿ ಓದಲಾಗದು. ಇದಕ್ಕಿಂತಲೂ ಮುಖ್ಯವಾಗಿ, ಆ ಕಾಲದ ಪರಿಶೀಲಕರನ್ನು ಕಾಡಿದ ಸಂಗತಿಗಳೇ ಬೇರೆ. ‘ಬೈಸಿಕಲ್ ಥೀವ್ಸ್’ ಅಮೆರಿಕಕ್ಕೆ ಬಂದಾಗ ಅಲ್ಲಿನ ನೀತಿಸಂಹಿತೆಯ ಕಚೇರಿ ಅದಕ್ಕೆ ಅನುಮೋದನೆ ಕೊಡಲು ನಿರಾಕರಿಸಿತು. ಪುಟ್ಟ ಹುಡುಗ ಗೋಡೆಯ ಬಳಿ ಮೂತ್ರ ಮಾಡಲು ಹೊರಡುವ ದೃಶ್ಯವನ್ನೂ ಕಳ್ಳನನ್ನು ಬೆನ್ನಟ್ಟುತ್ತ ವೇಶ್ಯಾಗೃಹಕ್ಕೆ ನುಗ್ಗುವ ದೃಶ್ಯವನ್ನೂ ಕತ್ತರಿಸಬೇಕೆಂಬುದು ಆಕ್ಷೇಪ. ಮಗುವಿನ ಮನಸ್ಸನ್ನು ನಿಜವಾಗಿ ಕಲಕುವ ಕೊನೆಯ ದೃಶ್ಯದ ಬಗ್ಗೆ ಅವರಿಗೆ ತಕರಾರಿರಲಿಲ್ಲ. ಪ್ರಮಾಣಪತ್ರ ನಗ್ನತೆ, ರಕ್ತ, ಬೈಗುಳಗಳನ್ನು ಅಳೆಯಬಲ್ಲದು. ತಂದೆಯ ಅವಮಾನ, ತಾಯಿಯ ಮೌನ ಇವನ್ನು ಅದು ಅಳೆಯುವುದಿಲ್ಲ. ತೋರಿಸಬೇಕೆಂದಿರುವ ಚಿತ್ರವನ್ನು ಹಿಂದಿನ ವಾರ ಒಬ್ಬರೇ ಕುಳಿತು ಪೂರ್ತಿ ನೋಡುವುದಕ್ಕೆ ಪರ್ಯಾಯವಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ನೋಡಿದ ನೆನಪನ್ನು ನಂಬುವುದು ಬೇಡ. ನೆನಪು ಹಿತವಾದದ್ದನ್ನು ಮಾತ್ರ ಉಳಿಸಿಕೊಂಡಿರುತ್ತದೆ.

ಭಯ ಹುಟ್ಟಿಸುವ ದೃಶ್ಯಗಳನ್ನು ಸಂಪೂರ್ಣವಾಗಿ ತಪ್ಪಿಸಬೇಕೇ?

ಚಿಕ್ಕ ಮಕ್ಕಳು ಹೆದರುವುದು ನೋಡಲು ವಿಕಾರವಾಗಿರುವುದಕ್ಕೆ. ದೊಡ್ಡವರಾಗುತ್ತ ಬಂದಂತೆ ನಿಜವಾಗಿ ನಡೆಯಬಹುದಾದದ್ದಕ್ಕೆ ಹೆದರುತ್ತಾರೆ. ಹೀಗಾಗಿ 1933ರ ‘ಕಿಂಗ್ ಕಾಂಗ್’ನ ದೈತ್ಯ ವಾನರ ಐದು ವರ್ಷದವನಿಗೆ ಭಯಂಕರ, ಹತ್ತು ವರ್ಷದವನಿಗೆ ಕುತೂಹಲ. ಹತ್ತು ವರ್ಷದವನಿಗೆ ಅದರ ಒಳಗುಟ್ಟನ್ನೂ ತಿಳಿಸಬಹುದು: ಅಷ್ಟೆತ್ತರ ಕಾಣುವ ಆ ಪ್ರಾಣಿ ಬಹುಪಾಲು ದೃಶ್ಯಗಳಲ್ಲಿ ಸುಮಾರು ಒಂದೂವರೆ ಅಡಿ ಎತ್ತರದ ಗೊಂಬೆ, ಅದನ್ನು ಕೂದಲೆಳೆಯಷ್ಟು ಸರಿಸಿ ಒಂದೊಂದೇ ಚೌಕಟ್ಟನ್ನು ಚಿತ್ರೀಕರಿಸಲಾಗಿದೆ, ತೆರೆಯ ಮೇಲಿನ ಒಂದು ಸೆಕೆಂಡಿಗೆ ಅಂಥ 24 ಚೌಕಟ್ಟುಗಳು ಬೇಕು. ಆಲ್ಫ್ರೆಡ್ ಹಿಚ್‌ಕಾಕ್‌ನ 1960ರ ‘ಸೈಕೋ’ ಇದಕ್ಕೆ ವಿರುದ್ಧವಾದದ್ದು. ಅಲ್ಲಿ ಭೂತವೂ ಇಲ್ಲ, ಪ್ರಾಣಿಯೂ ಇಲ್ಲ, ಮನುಷ್ಯರಷ್ಟೇ ಇದ್ದಾರೆ. ಅದಕ್ಕಾಗಿಯೇ ಅದು ಹದಿಹರೆಯದ ಕೊನೆಯವರೆಗೂ ಕಾಯಬೇಕು.

1954ರ ಮೊದಲ ‘ಗಾಡ್‌ಜಿಲ್ಲಾ’ ಚಿತ್ರವನ್ನು ಅದರ ಹೆಸರಿನ ಮುಂದಿನ ಚಿತ್ರಗಳಂತೆ ಕುಸ್ತಿಯ ತಮಾಷೆಯೆಂದು ಭಾವಿಸಿ ಪುಟ್ಟ ಮಕ್ಕಳ ಮುಂದೆ ಹಚ್ಚುವವರಿದ್ದಾರೆ. ಆ ವರ್ಷವೇ ಜಲಜನಕ ಬಾಂಬ್ ಪರೀಕ್ಷೆಯ ವಿಕಿರಣ ಜಪಾನಿನ ಮೀನುಗಾರರ ದೋಣಿಯೊಂದರ ಮೇಲೆ ಬಿದ್ದಿತ್ತು. ಚಿತ್ರ ಆ ಭೀತಿಯಿಂದ ಹುಟ್ಟಿದ್ದು. ಗಾಯಾಳುಗಳಿಂದ ತುಂಬಿದ ಆಸ್ಪತ್ರೆಯ ದೃಶ್ಯಗಳು ಅದರಲ್ಲಿವೆ. ಹನ್ನೆರಡರ ನಂತರ, ಯುದ್ಧದ ಬಗ್ಗೆ ಪಾಠದಲ್ಲಿ ಓದುವ ಹೊತ್ತಿಗೆ ಅದನ್ನು ನೋಡುವುದು ಅರ್ಥಪೂರ್ಣ.

ನೋಡುತ್ತಿರುವಾಗ ಮಗು ಹೆದರಿದರೆ ‘ಇದು ಸುಳ್ಳು, ಬರೀ ಸಿನಿಮಾ’ ಎಂದು ತಳ್ಳಿಹಾಕದೆ, ನಿಲ್ಲಿಸಿ, ದೀಪ ಹಾಕಿ, ಮುಂದುವರಿಸಬೇಕೇ ಎಂದು ಮಗುವನ್ನೇ ಕೇಳಿ. ಬೇಡವೆಂದರೆ ಅಲ್ಲಿಗೆ ಮುಗಿಯಿತು.

ಹಳೆಯ ಚಿತ್ರಗಳಲ್ಲಿನ ಜನಾಂಗೀಯ ಅವಹೇಳನ, ಹೆಣ್ಣನ್ನು ಕೀಳಾಗಿ ಕಾಣುವ ದೃಶ್ಯಗಳನ್ನು ಹೇಗೆ ನಿಭಾಯಿಸುವುದು?

ರಕ್ತಕ್ಕಿಂತ ಹೆಚ್ಚು ಚಿಂತೆ ಮಾಡಬೇಕಾದ ವಿಷಯವಿದು, ಏಕೆಂದರೆ ರಕ್ತ ಕಂಡಾಗ ಮಗು ಎಚ್ಚೆತ್ತುಕೊಳ್ಳುತ್ತದೆ, ಅವಹೇಳನವನ್ನು ನಗುತ್ತ ಒಳಗೆ ಬಿಟ್ಟುಕೊಳ್ಳುತ್ತದೆ. ಬಿಳಿಯ ನಟರು ಮುಖಕ್ಕೆ ಕಪ್ಪು ಬಳಿದುಕೊಂಡು ಕಪ್ಪು ಜನರನ್ನು ನಟಿಸುವುದು, ಹೆಂಡತಿಗೆ ಹೊಡೆಯುವುದನ್ನು ಹಾಸ್ಯವಾಗಿ ತೋರಿಸುವುದು, ಬೇಡವೆಂದ ಹೆಣ್ಣನ್ನು ಬೆನ್ನಟ್ಟಿ ಒಪ್ಪಿಸುವುದೇ ಪ್ರೇಮವೆಂಬಂತೆ ಚಿತ್ರಿಸುವುದು ಬಹಳ ದೇಶಗಳ ಹಳೆಯ ಚಿತ್ರಗಳಲ್ಲಿ ಒಂದಲ್ಲ ಒಂದು ರೂಪದಲ್ಲಿ ಸಿಗುತ್ತದೆ. ಕೀಟನ್‌ನ 1926ರ ‘ದಿ ಜನರಲ್’ ರೈಲಿನ ಬೆನ್ನಟ್ಟುವಿಕೆಯಾಗಿ ಅದ್ಭುತ; ಆದರೆ ಅದರ ನಾಯಕ ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಹೋರಾಡಿದ ದಕ್ಷಿಣದ ಪಕ್ಷದವನು, ಚಿತ್ರ ಆ ವಿಷಯವನ್ನೇ ಎತ್ತುವುದಿಲ್ಲ. ಮಗುವಿಗೆ ಅದನ್ನು ಹೇಳಬೇಕಾದವರು ನಾವು.

ಮೊದಲೇ ಒಂದು ವಾಕ್ಯದಲ್ಲಿ ತಿಳಿಸಿ, ಆ ದೃಶ್ಯ ಬಂದಾಗ ನಗದಿರಿ, ಮುಗಿದ ಮೇಲೆ ಮಾತನಾಡಿ. ಹನ್ನೆರಡು ದಾಟಿದ ಮಕ್ಕಳಿಗೆ ತೆರೆಯ ಹಿಂದಿನ ಸಂಗತಿಗಳನ್ನೂ ಹೇಳಬಹುದು. ‘ಗಾನ್ ವಿತ್ ದಿ ವಿಂಡ್’ ಚಿತ್ರದ ಸೇವಕಿಯ ಪಾತ್ರಕ್ಕಾಗಿ 1940ರಲ್ಲಿ ಹ್ಯಾಟಿ ಮ್ಯಾಕ್‌ಡೇನಿಯಲ್ ಆಸ್ಕರ್ ಪಡೆದ ಮೊದಲ ಕಪ್ಪು ಕಲಾವಿದೆಯಾದರು. ಅದೇ ಸಮಾರಂಭದಲ್ಲಿ ಅವರನ್ನು ಸಹನಟರಿಂದ ದೂರ, ಬೇರೆಯದೇ ಮೇಜಿನಲ್ಲಿ ಕೂರಿಸಲಾಗಿತ್ತು. ಈ ಒಂದು ಸಂಗತಿ ಆ ಚಿತ್ರದ ಬಗ್ಗೆ ದೀರ್ಘ ಉಪದೇಶಕ್ಕಿಂತ ಹೆಚ್ಚನ್ನು ತಿಳಿಸುತ್ತದೆ. ಅವಹೇಳನವೇ ಚಿತ್ರದ ತಿರುಳಾಗಿದ್ದರೆ ಅದನ್ನು ಮಕ್ಕಳಿಗೆ ತೋರಿಸಬೇಕಾದ ಅಗತ್ಯವಿಲ್ಲ, ಚರಿತ್ರೆಯಲ್ಲಿ ಅದಕ್ಕೆ ಎಷ್ಟೇ ದೊಡ್ಡ ಸ್ಥಾನವಿರಲಿ.

ಟಿವಿಯಲ್ಲಿ ನೋಡಿದರೆ ಸಾಕೇ? ಫೋನಿನಲ್ಲಿ?

ಫೋನಿನಲ್ಲಿ ಬೇಡ. ಟಿವಿಯಾದರೆ ಎರಡು ಸಣ್ಣ ಸಿದ್ಧತೆಗಳನ್ನು ಮಾಡಿಕೊಳ್ಳಿ. ತೀರ ಹಳೆಯ ಚಿತ್ರಗಳಲ್ಲಿ ಹೆಚ್ಚಿನವುಗಳ ಚೌಕಟ್ಟು ಹೆಚ್ಚುಕಡಿಮೆ ಚೌಕಾಕಾರದ್ದು. ಅದನ್ನು ಅಗಲದ ಪರದೆ ತುಂಬುವಂತೆ ಎಳೆದರೆ ಮುಖಗಳು ಚಪ್ಪಟೆಯಾಗುತ್ತವೆ, ಆದ್ದರಿಂದ ಎರಡು ಬದಿಯಲ್ಲಿ ಕಪ್ಪು ಪಟ್ಟಿ ಉಳಿಯಲಿ. ಚಲನೆಯನ್ನು ಕೃತಕವಾಗಿ ನುಣುಪಾಗಿಸುವ ಸೌಲಭ್ಯವನ್ನೂ ಆರಿಸಿಬಿಡಿ. ಮೂಕಿಚಿತ್ರಗಳಿಗೆ ಪುನರುಜ್ಜೀವನಗೊಳಿಸಿದ ಪ್ರತಿಯನ್ನೇ ಹುಡುಕಬೇಕು: ಅವುಗಳಲ್ಲಿ ಅನೇಕವನ್ನು ಇಂದಿನ 24ಕ್ಕಿಂತ ಕಡಿಮೆ ಚೌಕಟ್ಟುಗಳ ವೇಗದಲ್ಲಿ ಚಿತ್ರೀಕರಿಸಲಾಗಿತ್ತು, ಅಜಾಗರೂಕತೆಯಿಂದ ತಯಾರಿಸಿದ ಪ್ರತಿಗಳಲ್ಲಿ ಜನ ಇರುವೆಗಳಂತೆ ಸರಸರನೆ ಓಡಾಡುತ್ತಾರೆ. ಹಳೆಯ ಚಿತ್ರವೆಂದರೆ ಹೀಗೆಯೇ ಎಂಬ ತಪ್ಪು ಕಲ್ಪನೆ ಮಕ್ಕಳಲ್ಲಿ ಹುಟ್ಟುವುದು ಅಂಥ ಪ್ರತಿಗಳಿಂದ. ಹತ್ತಿರದ ಚಿತ್ರಮಂದಿರದಲ್ಲೋ ಚಿತ್ರೋತ್ಸವದಲ್ಲೋ ಹಳೆಯ ಚಿತ್ರದ ಮರುಪ್ರದರ್ಶನವಿದ್ದರೆ ಕರೆದೊಯ್ಯಿರಿ. ನೂರು ಜನ ಒಮ್ಮೆಲೇ ನಗುವುದನ್ನು ಕೇಳಿದ ಮಗುವಿಗೆ ಆ ಚಿತ್ರ ಹಳೆಯದೆನ್ನಿಸುವುದಿಲ್ಲ.

ವಯಸ್ಸಿನ ಅಂತರವಿರುವ ಮಕ್ಕಳಿಬ್ಬರು ಮನೆಯಲ್ಲಿದ್ದರೆ?

ಚಿಕ್ಕವರಿಗೆ ಹೊಂದುವುದನ್ನು ಇಬ್ಬರೂ ನೋಡಲಿ, ದೊಡ್ಡವರಿಗೆ ಬೇರೆ ಸಂಜೆಯೊಂದನ್ನು ಮೀಸಲಿಡಿ. ತನಗಾಗಿಯೇ ಇಟ್ಟ ಚಿತ್ರವೆಂಬ ಗೌರವಕ್ಕೆ ಹದಿಮೂರರ ಮಕ್ಕಳು ಬಹಳ ಬೆಲೆ ಕೊಡುತ್ತಾರೆ.

ಚಿತ್ರ ಮುಗಿದ ಮೇಲೆ ಏನನ್ನು ಕೇಳಬೇಕು?

ಮೊದಲ ಅರ್ಧ ಗಂಟೆ ಏನನ್ನೂ ಕೇಳದಿರುವುದು ಉತ್ತಮ. ‘ಇದರಿಂದ ಏನು ಕಲಿತೆ?’ ಎಂಬ ಪ್ರಶ್ನೆ ಚಿತ್ರವನ್ನು ಪಠ್ಯವಾಗಿಸಿ, ಮುಂದಿನ ಬಾರಿ ಮಗು ಉತ್ತರ ಸಿದ್ಧಪಡಿಸಿಕೊಳ್ಳುತ್ತಲೇ ನೋಡುವಂತೆ ಮಾಡುತ್ತದೆ. ಮಕ್ಕಳು ತಾವಾಗಿ ಮಾತೆತ್ತುತ್ತಾರೆ, ಕೆಲವೊಮ್ಮೆ ಎರಡು ದಿನ ಬಿಟ್ಟು, ಬೇರೇನೋ ಮಾಡುತ್ತಿರುವಾಗ. ಕೇಳಲೇಬೇಕೆಂದಿದ್ದರೆ ಕಣ್ಣಿಗೆ ಸಂಬಂಧಿಸಿದ್ದನ್ನು ಕೇಳಿ: ಯಾವ ಜಾಗದಲ್ಲಿ ಅವನ ಮುಖ ಬದಲಾಯಿತು, ಕ್ಯಾಮೆರಾ ಎಲ್ಲಿ ಇಟ್ಟಿದ್ದರು, ಆ ಕೊನೆಯ ಚಿತ್ರಿಕೆಯ ನಂತರ ಅವರು ಎಲ್ಲಿಗೆ ಹೋಗಿರಬಹುದು. ಫ್ರಾನ್ಸ್ವಾ ತ್ರುಫೋನ 1959ರ ‘ದಿ 400 ಬ್ಲೋಸ್’ ಓಡಿಬಂದ ಹುಡುಗ ಕಡಲಂಚಿನಲ್ಲಿ ನಮ್ಮತ್ತ ತಿರುಗಿದೊಡನೆ ಆ ಚಿತ್ರಿಕೆಯಲ್ಲೇ ಸ್ತಬ್ಧವಾಗುತ್ತದೆ. ಅದನ್ನು ಹದಿಮೂರು ಹದಿನಾಲ್ಕರ ಮಕ್ಕಳೊಂದಿಗೆ ನೋಡಿದರೆ ಪ್ರಶ್ನೆಗಳನ್ನು ನಾವು ಹುಡುಕಬೇಕಾಗುವುದೇ ಇಲ್ಲ, ಅವರೇ ಕೇಳುತ್ತಾರೆ.

ನಾವು ಪ್ರಾಣಕ್ಕಿಂತ ಹೆಚ್ಚಾಗಿ ಮೆಚ್ಚಿದ ಚಿತ್ರವನ್ನು ಮಗು ‘ಚೆನ್ನಾಗಿಲ್ಲ’ ಎಂದುಬಿಟ್ಟರೆ?

ಒಪ್ಪಿಕೊಳ್ಳಿ, ಮತ್ತು ಏಕೆಂದು ಆಸಕ್ತಿಯಿಂದ ಕೇಳಿ. ನಮ್ಮ ಮೆಚ್ಚುಗೆಯನ್ನು ಸಾಬೀತುಪಡಿಸುವ ಭಾರ ಮಗುವಿನದ್ದಲ್ಲ. ಚಿತ್ರ ನಡೆಯುತ್ತಿರುವಾಗ ‘ಈಗ ಬರುತ್ತದೆ ನೋಡು’ ಎಂದು ಪದೇ ಪದೇ ಮಗುವಿನ ಮುಖವನ್ನು ನೋಡುವ ಅಭ್ಯಾಸವನ್ನೂ ಬಿಡಬೇಕು. ತಾನು ಪರೀಕ್ಷೆಗೆ ಒಳಗಾಗಿದ್ದೇನೆಂದು ತಿಳಿದೊಡನೆ ಮಗುವಿಗೆ ಚಿತ್ರದ ಮೇಲಿನ ಗಮನ ಹೋಗಿಬಿಡುತ್ತದೆ.

ಹಾನಿಯೇನೂ ಇಲ್ಲದಿದ್ದರೂ ಬೇಕೆಂದೇ ಮುಂದೂಡಬೇಕಾದ ಚಿತ್ರಗಳಿವೆಯೇ?

ಇವೆ. ಒಜುವಿನ 1953ರ ‘ಟೋಕಿಯೋ ಸ್ಟೋರಿ’ಯಲ್ಲಿ ಮಕ್ಕಳಿಂದ ಮರೆಮಾಡಬೇಕಾದ ಒಂದೇ ಒಂದು ದೃಶ್ಯವೂ ಇಲ್ಲ. ವಯಸ್ಸಾದ ತಂದೆತಾಯಿ ಮಕ್ಕಳ ಮನೆಗೆ ಬರುತ್ತಾರೆ, ಮಕ್ಕಳಿಗೆ ಬಿಡುವಿಲ್ಲ, ಅವರು ಹಿಂತಿರುಗುತ್ತಾರೆ. ಆದರೆ ಆ ಚಿತ್ರಕ್ಕೆ ಬೇಕಾದದ್ದು ಸ್ವತಃ ತಂದೆತಾಯಿಯನ್ನು ದೂರದ ಊರಿನಲ್ಲಿ ಬಿಟ್ಟುಬಂದ ಅನುಭವ. ಆರ್ಸನ್ ವೆಲ್ಸ್‌ನ 1941ರ ‘ಸಿಟಿಜನ್ ಕೇನ್’ ಕೂಡ ಹಾಗೆಯೇ. ಶ್ರೇಷ್ಠವೆಂದು ಕೇಳಿ ಹನ್ನೊಂದನೆಯ ವಯಸ್ಸಿನಲ್ಲಿ ಬಲವಂತದಿಂದ ನೋಡಿದವರಿಗೆ ಅದು ಬೇಸರದ ಚಿತ್ರವೆಂಬ ಭಾವನೆ ಬಹುಕಾಲ ಉಳಿದುಬಿಡಬಹುದು. ಹೀಗೆ ಕಾಯಬೇಕಾದ ಚಿತ್ರಗಳ ಹೆಸರನ್ನು ಮಕ್ಕಳ ಎದುರು ಆಗಾಗ ಹೇಳುತ್ತಿರಬಹುದು, ಅವುಗಳ ಒಂದು ಚಿತ್ರಪಟವನ್ನು ಗೋಡೆಯ ಮೇಲೆ ತೂಗುಹಾಕಬಹುದು. ಹದಿನೇಳು ಹದಿನೆಂಟನೆಯ ವಯಸ್ಸಿನಲ್ಲಿ ಮಗು ತಾನಾಗಿ ಕೇಳಿದಾಗ, ಸಾಧ್ಯವಾದರೆ ಜೊತೆಯಲ್ಲಿ ಕುಳಿತು, ಇಲ್ಲವಾದರೆ ಒಂಟಿಯಾಗಿ ನೋಡಲು ಬಿಟ್ಟು, ಆ ಚಿತ್ರವನ್ನು ತೋರಿಸಿ.